ಕ್ವಿಂಟಾಲಿಗೆ ಎಷ್ಟು ವ್ಯೂ?

(ತಿಪಟೂರು ಎಪಿಎಂಸಿ ಬಳಿಯ ಟೀ ಅಂಗಡಿ. ಅಂಗಡಿಯವನೂ ಕಿವಿಗೊಟ್ಟಿದ್ದಾನೆ, ಕಿವಿಗೊಡದ ಟೀ ಅಂಗಡಿಯವನನ್ನು ನಾನಂತೂ ಕಂಡಿಲ್ಲ.)

ಬಸಣ್ಣ: ಏನ್ಲಾ ನಂಜ, ಮಗ ತ್ವಾಟದ ಕಡೆ ಬತ್ತಾವ್ನಾ?

ನಂಜಪ್ಪ: ದಿನಾ ಬತ್ತಾನೆ ಬಸಣ್ಣ. ಮರಾನೂ ಹತ್ತುತಾನೆ. ಅರ್ಧಕ್ಕೇ ಇಳೀತಾನೆ.

ಬಸಣ್ಣ: ತಲೆ ಸುತ್ತಾ?

ನಂಜಪ್ಪ: ಇಲ್ಲ, 15 ಸೆಕೆಂಡ್ ಆಯ್ತಂತೆ.

ಬಸಣ್ಣ: ಮತ್ತೆ ಕಾಯಿ ಕೀಳೋರು?

ನಂಜಪ್ಪ: ಆಳವ್ನೆ. ಕ್ಯಾಮೆರಾಕ್ಕೆ ಅಡ್ಡ ಬತ್ತಾನೆ ಅಂತ ಬೇಲಿ ಆಚೆ ನಿಲ್ಸವ್ನೆ.

ಬಸಣ್ಣ: 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಲ್ಸಿದಾಗ ಊಟ ಬಿಟ್ಟಿದ್ನಲ್ಲ?

ನಂಜಪ್ಪ: ಜುಲೈಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಎರಡು ಮುದ್ದೆ ಉಂಡ.

ಬಸಣ್ಣ: ಮೊದ್ಲು ರೀಲು ಬಿಡೋರು ಊರಿಗೊಬ್ರಿದ್ರು. ಅವ್ರನ್ನೂ ಎಲೆಕ್ಷನ್‌ಗೆ ನಿಲ್ಲಿಸ್ಬಿಡ್ತಿದ್ವಿ.

ನಂಜಪ್ಪ: ಈಗ ಮನೆಗಿಬ್ರು. ನನ್ ಹೆಂಡ್ತೀನೂ ಶುರು ಹಚ್ಕೊಂಡವಳೆ. ಸಾರು ಉಕ್ಕಿದ್ರೂ ಒಲೆ ಆರಿಸಲ್ಲ, 'ನ್ಯಾಚುರಲ್ ಆಗೈತೆ' ಅಂತಾಳೆ.

ಬಸಣ್ಣ: ಅಟ್ಟದ ಕಾಯಿ ಒಡೆದ್ರಾ?

ನಂಜಪ್ಪ: ಎಲ್ಲಿ ಬಿಡ್ತಾನೆ! ಅಲ್ಲಾಡಿಸಿದ್ರೆ ಒಳಗೆ ಗಿಟುಕು ಲೊಡಲೊಡ ಅಂತೈತಲ್ಲ, ಅದು ಟ್ರೆಂಡಿಂಗ್ ಆಡಿಯೋ ಅಂತೆ.

ಬಸಣ್ಣ: ಉಂಡೆ ಕೊಬ್ಬರಿ ಆಗೋಕೆ ಅಟ್ಟದಲ್ಲಿ ಹತ್ತನ್ನೊಂದು ತಿಂಗ್ಳು ಬೇಕು ಅಂತ ಹೇಳ್ಲಿಲ್ವಾ?

ನಂಜಪ್ಪ: ಹೇಳ್ದೆ. 'ಅಷ್ಟುದ್ದ ಯಾರ್ ನೋಡ್ತಾರಪ್ಪ, ಕಟ್ ಮಾಡು' ಅಂದ.

ಬಸಣ್ಣ: ಏನಾದ್ರೂ ಗಿಟ್ಟೈತಾ?

ನಂಜಪ್ಪ: ಎರಡು ಲಕ್ಷ!

ಬಸಣ್ಣ: ರೂಪಾಯಾ?

ನಂಜಪ್ಪ: ವ್ಯೂ. ಕ್ವಿಂಟಾಲಿಗೆ ಹೆಂಗೆ ತಗೋತೀರ ಅಂತ ದಲ್ಲಾಳಿನ ಕೇಳೋಕೇ ಬಂದೆ.

ಬಸಣ್ಣ: (ಫೋನ್ ಎತ್ತಿ) ಅದನ್ನೇ ಇನ್ನೊಂದ್ಸಲ ಹೇಳ್ಲಾ ನಂಜ, ಆನ್ ಆಗಿರ್ಲಿಲ್ಲ.