ಬಾಟಲಿ ದೊಡ್ಡಮ್ಮ

‘ಖಾಲಿ ಬಾಟಲಿ’ ಎಂಬ ಮಾತನ್ನು ಬಾಟಲಿ ದೊಡ್ಡಮ್ಮ ಒಪ್ಪುವುದಿಲ್ಲ. ಅವರ ಪ್ರಕಾರ ಬಾಟಲಿ ಖಾಲಿಯಾಗುವುದಿಲ್ಲ, ಬಿಡುವಾಗುತ್ತದೆ. ಜಾಮ್ ಮುಗಿದರೆ ಸಾಸಿವೆ, ಉಪ್ಪಿನಕಾಯಿ ಮುಗಿದರೆ ಹುಣಸೆಹಣ್ಣು. ಇಂಥವರು ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇರುತ್ತಾರೆ. ಗುಜರಿಯವನು ಅವರ ಮನೆ ಮುಂದೆ ಕೂಗುವುದನ್ನೇ ಬಿಟ್ಟಿರುತ್ತಾನೆ.

ಹಾರ್ಲಿಕ್ಸ್ ಗಾಜಿನಿಂದ ಪ್ಲಾಸ್ಟಿಕ್ಕಿಗೆ, ಅಲ್ಲಿಂದ ರೀಫಿಲ್ ಪೊಟ್ಟಣಕ್ಕೆ ಇಳಿದ ಮೇಲೆ ದೊಡ್ಡಮ್ಮನಿಗೆ ಬದುಕು ಸಪ್ಪೆಯಾಗಿತ್ತು. ಅಷ್ಟರಲ್ಲಿ ದೀಪಾವಳಿಗೆ ಸೊಸೆಯ ಆಫೀಸಿನಿಂದ ಘಮಘಮಿಸುವ ಕ್ಯಾಂಡಲ್ ಉಡುಗೊರೆ ಬಂತು. ದಪ್ಪ ತಳದ ಗಾಜು, ಮರದ ಮುಚ್ಚಳ. ಸೊಸೆ ಮೂಸಿ “ಲ್ಯಾವೆಂಡರ್!” ಎಂದಳು. ದೊಡ್ಡಮ್ಮ ಬೆರಳಲ್ಲಿ ತಟ್ಟಿ, “ಕಾಲು ಕೆಜಿ ಸಾರಿನಪುಡಿ ಹಿಡಿಸತ್ತೆ” ಎಂದರು.

ಅಂದಿನಿಂದ ಅವರ ಪಾಲಿಗೆ ಮೇಣ ಎಂದರೆ ಬೇಗ ಮನೆ ಖಾಲಿ ಮಾಡಿಸಬೇಕಾದ ಬಾಡಿಗೆದಾರ. ಮಟಮಟ ಮಧ್ಯಾಹ್ನವೂ ಕ್ಯಾಂಡಲ್ ಉರಿಯುತ್ತದೆ. ಯಾಕೆ ಎಂದು ಕೇಳಿದರೆ “ಸೊಳ್ಳೆಗೆ” ಎನ್ನುತ್ತಾರೆ. ತಳದಲ್ಲಿ ಅರ್ಧ ಇಂಚು ಉಳಿದಾಗ ಆರಿಸಿಬಿಡಿ, ಇಲ್ಲದಿದ್ದರೆ ಗಾಜು ಕಾದು ಸೀಳೀತು ಎಂದು ಪೆಟ್ಟಿಗೆಯ ಮೇಲಿರುತ್ತದೆ. ಔಷಧಿಯ ಚೀಟಿಯನ್ನೂ ಓದದ ದೊಡ್ಡಮ್ಮ ಇದೊಂದನ್ನು ಶಿರಸಾವಹಿಸಿ ಪಾಲಿಸುತ್ತಾರೆ.

ಆಮೇಲಿನದು ಬಾಣಂತನದಷ್ಟೇ ಕಟ್ಟುನಿಟ್ಟು. ಮೊದಲು ಫ್ರೀಜರ್. ಮೇಣ ಚಳಿಗೆ ಕುಗ್ಗಿ ಗಾಜಿನ ಗೋಡೆ ಬಿಡುತ್ತದೆ. ಬೋರಲು ಹಾಕಿ ತಟ್ಟಿದರೆ ಬಿಲ್ಲೆಯಾಗಿ ಬೀಳುತ್ತದೆ. ಅಲ್ಲಿಯವರೆಗೆ ಮೊಮ್ಮಗನ ಐಸ್‌ಕ್ರೀಮಿಗೆ ಜಾಗವಿಲ್ಲ. ಹಟಮಾರಿ ಮೇಣ ಉಳಿದರೆ ಬಾಟಲಿಯ ಚಳಿ ಬಿಡಿಸಿ, ಆಮೇಲೆ ಬಿಸಿನೀರು. “ಕುದಿಯೋ ನೀರು ಸುರೀಬೇಡ್ವೇ, ಠಪ್ ಅಂತ ಒಡೀತದೆ!” ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಪ್ಯಾರಫಿನ್ನಿಗೆ ಇನ್ನೊಂದಿಷ್ಟು ಬೇಕು ಎಂದು ಎಂಜಿನಿಯರ್ ಮಗ ವಿವರಿಸಲು ಹೋದರೆ, “ನನ್ನ ಬೆರಳಿಗೆ ಗೊತ್ತು ಬಿಡೋ.” ಕರಗಿದ ಮೇಣ ಮೇಲೆ ತೇಲಿ, ಆರಿದ ಮೇಲೆ ಹೆಪ್ಪುಗಟ್ಟುತ್ತದೆ, ಎತ್ತಿ ತೆಗೆಯುತ್ತಾರೆ. ಆ ನೀರನ್ನು ಸಿಂಕಿಗೆ ಚೆಲ್ಲಿದವರ ಕತೆ ಮುಗಿಯಿತು. ಪೈಪಿನೊಳಗೆ ಮೇಣ ಗಟ್ಟಿಯಾದರೆ ಪ್ಲಂಬರಿಗೆ ಸುರಿಯುವ ದುಡ್ಡಲ್ಲಿ ಹೊಸ ಬಾಟಲಿ ತರಬಹುದು ಎಂದು ಬೈಯುತ್ತಾರೆ. ತರುವುದಿಲ್ಲ, ಆ ಮಾತು ಬೇರೆ.

ತಳಕ್ಕೆ ಅಂಟಿದ ಬತ್ತಿಯ ತಗಡಿನ ಬಿಲ್ಲೆಯನ್ನು ಹಳೇ ಚಾಕುವಿನಿಂದ ಮೀಟಿ ತೆಗೆದು, ಅದನ್ನೂ ಎತ್ತಿಡುತ್ತಾರೆ. “ಯಾತಕ್ಕಾದ್ರೂ ಆಗತ್ತೆ.” ಲೇಬಲ್ಲಿನ ಗೋಂದಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡ, ತೆಂಗಿನ ನಾರು. ಬಿಡಿಸಿದ ಮೇಣ ಬೀರುವಿನ ಬಿಗಿಯಾದ ಡ್ರಾಯರಿಗೆ, ಸೂಟ್‌ಕೇಸಿನ ಜಿಪ್ಪಿಗೆ ಸವರಲು. ಮನೆಯ ಜಿಪ್ಪುಗಳೆಲ್ಲ ಈಗ ಮುಟ್ಟಿದರೆ ಜಾರುತ್ತವೆ.

ಇಷ್ಟಾಗಿಯೂ ಗಾಜಿನಿಂದ ಹೋಗದ್ದು ವಾಸನೆ. “ಅವು ತಿನ್ನೋ ಪದಾರ್ಥ ಇಡೋಕೆ ಮಾಡಿದ್ದಲ್ಲ ಅತ್ತೆ” ಎಂದು ಸೊಸೆ ಹೇಳುತ್ತಲೇ ಇದ್ದಳು. ಅಳಿಯ ಊಟಕ್ಕೆ ಬಂದ ದಿನ ಸಾರು ಲ್ಯಾವೆಂಡರ್ ತೋಟದಂತೆ ಘಮಘಮಿಸಿತು. ಆತ ಸಂಕೋಚದ ಪ್ರಾಣಿ. ಸಾರು ಬಿಟ್ಟು ಮಜ್ಜಿಗೆಗೆ ಹೋದ. ಸಕ್ಕರೆ ತುಂಬಿದರೆ ತಿರುಪಿಲ್ಲದ ಮುಚ್ಚಳದ ಸಂದಿನಿಂದ ಇರುವೆ. ಕೊನೆಗೆ ಬಾಟಲಿಗಳಿಗೆ ಗುಂಡಿ, ಪಿನ್ನು, ರಬ್ಬರ್ ಬ್ಯಾಂಡು ಸಿಕ್ಕವು. ಉಳಿದವು ಅಟ್ಟದಲ್ಲಿ, ಒಂದರೊಳಗೆ ಒಂದು ಕೂತು, ಒಳ್ಳೇ ದಿನಕ್ಕಾಗಿ ಕಾಯುತ್ತಿವೆ.

ಮೊನ್ನೆ ಮಳೆಗೆ ಬೀದಿಯೆಲ್ಲ ಕರೆಂಟು ಹೋಯಿತು. ಅವರ ಮನೆಯ ಯುಪಿಎಸ್ಸೂ ಕೈಕೊಟ್ಟಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಗೇಟಿನ ಸದ್ದು, ಮೊಬೈಲಿನ ಬೆಳಕು, ಹಿಂದೆ ದೊಡ್ಡಮ್ಮ.

“ಒಂದು ಕ್ಯಾಂಡಲ್ ಇದ್ರೆ ಕೊಡಮ್ಮ. ನಮ್ಮನೇಲಿ ಹುಡುಕಿದ್ರೂ ಒಂದಿಲ್ಲ.”

ನಾನು ಉದ್ದನೆಯ ಬಿಳಿ ಮೇಣದಬತ್ತಿ ತಂದುಕೊಟ್ಟೆ. ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: “ಗಾಜಿನದ್ದು ಇಲ್ವಾ? ಗಾಳಿಗೆ ಆರಲ್ಲ, ಅದಕ್ಕೆ.”