ಶ್ವೇತಲಕ್ಷಣ ವಿಚಾರ: ಸಿಗಾರ್, ಸುಣ್ಣಕಟ್ಟು ಮತ್ತು ಬೂದುಗುಂಬಳ

ಸಿಗಾರ್ ಸೇದುವವರ ಲೋಕ ಬಹುಕಾಲದಿಂದ ಒಂದು ತಾತ್ತ್ವಿಕ ಬಿಕ್ಕಟ್ಟಿನಲ್ಲಿದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಸಿಗಾರಿನ ಮೈಮೇಲೆ ಕೆಲಕಾಲದ ನಂತರ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಅದು ‘ಬ್ಲೂಮ್’ ಎಂದು ಒಂದು ಪಂಥ. ಎಲೆಯೊಳಗಿನ ಎಣ್ಣೆಯಂಶ ಹೊರಬಂದು ಹರಳುಗಟ್ಟಿದೆ, ಸಿಗಾರ್ ಮಾಗಿದೆ, ಹಿಗ್ಗಬೇಕು ಎಂಬುದು ಅವರ ಮತ. ಅದು ಬರೀ ಬೂಷ್ಟು, ಎಸೆಯಬೇಕು ಎಂಬುದು ಎದುರು ಪಂಥದ ಮತ. ಪುಡಿ ಸ್ವಂತ ಪೆಟ್ಟಿಗೆಯಲ್ಲಿ ಕಂಡಾಗ ಮೊದಲನೆಯ ಪಂಥಕ್ಕೂ ಅಂಗಡಿಯವನ ಪೆಟ್ಟಿಗೆಯಲ್ಲಿ ಕಂಡಾಗ ಎರಡನೆಯದಕ್ಕೂ ಸೇರುವವರೇ ಹೆಚ್ಚೆಂಬುದು ಶಾಸ್ತ್ರದ ಗಮನಕ್ಕೆ ಬಂದಿದೆ. ಹವಾನಾ, ಲಂಡನ್ನುಗಳಲ್ಲಿ ಇನ್ನೂ ಬಗೆಹರಿಯದ ಈ ವ್ಯಾಜ್ಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಎಂದೋ ತೀರ್ಮಾನವಾಗಿದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. (ಸದರಿ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಗಾಳಿಯ ತೇವಾಂಶ ಮಾತ್ರ ಮೊದಲಿದ್ದಷ್ಟೇ ಇದೆ.)

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ನಮ್ಮ ತಾರ್ಕಿಕರು ಊಹಿಸಿದರು. ಹೊಗೆಯನ್ನೇ ಹವ್ಯಾಸ ಮಾಡಿಕೊಂಡ ಸಿಗಾರ್ ಪಂಡಿತರು ಅವರಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ ಎಂಬ ಪ್ರಶ್ನೆಗೆ ಅದೇ ತಾರ್ಕಿಕರು ಇಲ್ಲ ಎಂದರು. ಕಾದು ಕೆಂಪಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ; ಹೊಗೆಯೇಳಲು ಹಸಿ ಸೌದೆ ಬೇಕು. ಹಾಗೆಯೇ ಬಿಳುಪು ಇದ್ದಲ್ಲೆಲ್ಲ ಬೂಷ್ಟು ಇರುವುದಿಲ್ಲ. ಇದಕ್ಕೆ ಸಾಕ್ಷಿ ಮಾಗಡಿಯ ಹಿತ್ತಲಲ್ಲಿ ಮಲಗಿರುವ ಬೂದುಗುಂಬಳ. ಬಲಿತ ಕಾಯಿಯ ಮೈತುಂಬ ಬಿಳಿ ಪುಡಿ; ಆದರೆ ಅದು ಕಾಯಿಯೇ ಹೊರಹಾಕಿದ ಮೇಣ. ಬೆರಳಿಂದ ಒರೆಸಿದರೆ ಕೆಳಗೆ ನುಣುಪಾದ ಹಸಿರು ಸಿಪ್ಪೆ. ಕಲೆಯಿಲ್ಲ, ಎಳೆಯಿಲ್ಲ, ಮುಗ್ಗಲು ವಾಸನೆಯಿಲ್ಲ. ಆ ಮೇಣದ ಕೃಪೆಯಿಂದ ಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿದು, ಆಯುಧಪೂಜೆಯ ದಿನ ಲಾರಿಯ ಮುಂದೆ ಒಡೆಸಿಕೊಂಡು ಕೃತಾರ್ಥವಾಗುತ್ತದೆ. ಆದ್ದರಿಂದ ಬರೀ ಬಿಳುಪು ಕೆಟ್ಟ ಹೇತು. ಅದರ ಹಿಂದೆ ಹಸಿ ಸೌದೆ ಯಾವುದೆಂದು ಕೇಳಬೇಕು. ಈ ಪ್ರಕರಣದಲ್ಲಿ ಅದರ ಹೆಸರು ತೇವ.

ಈ ಸತ್ಯವನ್ನು ಕಂಡುಕೊಂಡವರು ಹಿಪ್ಪುನೇರಳೆ ಬೆಳೆದು ಹುಳು ಸಾಕಿ ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತರು. ರೇಷ್ಮೆಹುಳುವಿಗೆ ಸುಣ್ಣಕಟ್ಟು ಎಂಬ ರೋಗವುಂಟು. ಬಿಳಿ ಶಿಲೀಂಧ್ರ ಹುಳುವಿನ ಚರ್ಮ ಕೊರೆದು ಒಳಹೊಕ್ಕು, ಅದನ್ನು ಕೊಂದು, ಶವವನ್ನು ಸುಣ್ಣದ ಕಡ್ಡಿಯಂತೆ ಬಿಗಿದುಬಿಡುತ್ತದೆ. ಇಟಲಿಯ ಲೋಡಿ ಪ್ರಾಂತ್ಯದ ಅಗೋಸ್ಟಿನೋ ಬಾಸ್ಸಿ ಎಂಬ ವಕೀಲ 1835ರಲ್ಲಿ ಈ ರೋಗಕ್ಕೆ ಸೂಕ್ಷ್ಮಜೀವಿಯೇ ಕಾರಣವೆಂದು ಸಾಧಿಸಿ ತೋರಿಸಿದ. ಪಾಶ್ಚರ್ ರೇಷ್ಮೆಹುಳುವಿನ ಕಡೆ ತಿರುಗುವುದಕ್ಕೆ ಮೂವತ್ತು ವರ್ಷ ಮೊದಲು. ಅಂದರೆ ರೋಗಾಣು ವಿಜ್ಞಾನ ಹುಟ್ಟಿದ್ದೇ ಬಿಳಿ ಪುಡಿಯ ಮೇಲಿನ ಅನುಮಾನದಿಂದ. ಸ್ವಾರಸ್ಯ ಇನ್ನೂ ಮುಂದಿದೆ. ಹುಳು ಜ್ವರಕ್ಕೆ (ಎಂದರೆ ಪೊರೆ ಕಳಚಲು) ಕೂತಾಗ ಹಾಸಿಗೆ ಒಣಗಿರಲೆಂದು ರೈತ ಉದುರಿಸುವುದೂ ಬಿಳಿ ಸುಣ್ಣದ ಪುಡಿಯನ್ನೇ. ಜ್ವರದಿಂದ ಎದ್ದ ಮೇಲೆ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ‘ವಿಜೇತ’ ಎಂಬ ಸೋಂಕುನಿವಾರಕ ಉದುರಿಸುತ್ತಾನೆ, ಅದೂ ಪುಡಿಯೇ. ಒಂದೇ ತಟ್ಟೆಯಲ್ಲಿ ಕೊಲ್ಲುವ ಬಿಳುಪು, ಕಾಯುವ ಬಿಳುಪು ಎರಡೂ ಇರಬಹುದಾದಾಗ ಬಣ್ಣ ನೋಡಿ ಕೂತವನ ಬೆಳೆ ಹೋಯಿತೆಂದೇ ಲೆಕ್ಕ. ಅದಕ್ಕೇ ಅವನು ಗೋಡೆಯ ಮೇಲಿನ ತೇವಮಾಪಕ ನೋಡುತ್ತಾನೆ. ಐದನೇ ಹಂತದ ಹುಳುವಿಗೆ 24 ಡಿಗ್ರಿ ಉಷ್ಣಾಂಶ, ಶೇ. 65ರಿಂದ 70ರಷ್ಟು ತೇವಾಂಶ ಇರಬೇಕೆಂದು ವಿಧಿ. ಮಳೆಗಾಲದಲ್ಲಿ ಅದು 90 ದಾಟಿ ಮನೆ ತಂಪಾದರೆ ಸುಣ್ಣಕಟ್ಟಿಗೆ ಹಬ್ಬ. ಸಿಗಾರ್ ಶಾಸ್ತ್ರ ಹೇಳುವುದು? 21 ಡಿಗ್ರಿ, ಶೇ. 65ರಿಂದ 70. ಹೀಗೆ ಸಿಗಾರ್ ಎಂಬುದು ನೂಲು ತೆಗೆಯಲು ಒಲ್ಲದ ಐದನೇ ಹಂತದ ಹುಳು ಎಂದು ಸಿದ್ಧವಾಗುತ್ತದೆ.

ಪೂರ್ವಪಕ್ಷದವರು ಏಳುತ್ತಾರೆ: ಹುಳು ಜೀವಂತ, ಸಿಗಾರ್ ಸತ್ತ ಎಲೆ, ಹೋಲಿಕೆ ಎಲ್ಲಿಯದು? ಸುಣ್ಣಕಟ್ಟಿನ ಬಿಳುಪು ಹೊರಗೆ ಕಾಣುವುದು ಹುಳು ಸತ್ತ ಮೇಲೆಯೇ ಎಂಬುದನ್ನು ಅವರು ಮರೆತಿದ್ದಾರೆ. ಬಿಳುಪು ಕಂಡಾಗ ಒಳಗಿನ ಕೆಲಸ ಮುಗಿದಿರುತ್ತದೆ. ಸಿಗಾರಿನಲ್ಲೂ ಹೊದಿಕೆ ಎಲೆಯ ಮೇಲಿನ ಬೂಷ್ಟನ್ನು ಒರೆಸಿ ಸಮಾಧಾನಪಡಬಹುದು. ಬೆಂಕಿ ಹಚ್ಚುವ ತುದಿಯಲ್ಲಿ ಕಂಡರೆ ಒಳಗಿನ ಎಲೆಗೂ ಇಳಿದಿದೆ ಎಂದರ್ಥ. ಎರಡನೆಯ ಆಕ್ಷೇಪ: ಹಾಗಾದರೆ ಬ್ಲೂಮ್ ಇಲ್ಲವೇ? ಇರಲಿ, ಯಾರು ಬೇಡವೆಂದರು. ಅದು ಬೂದುಗುಂಬಳದ ಪರೀಕ್ಷೆಗೆ ಕೂರಲಿ. ಮೈತುಂಬ ಸಮನಾಗಿ ತೆಳ್ಳಗಿದ್ದು, ಕಲೆ ಬಿಡದೆ ಒರೆಸಿ ಹೋದರೆ ಪಾಸು. ಅಲ್ಲಲ್ಲಿ ಚುಕ್ಕೆಯಾಗಿ, ಹತ್ತಿಯ ಎಳೆಯಂತೆ ಎದ್ದು, ನೀಲಿ ಹಸಿರಿಗೆ ತಿರುಗಿದರೆ ನಪಾಸು. ಬ್ಲೂಮ್ ಪಂಥದವರಲ್ಲಿ ಯಾರೂ ಹಸಿರು ಪುಡಿಯನ್ನು ಬ್ಲೂಮ್ ಎಂದು ಮುದ್ದಿಸಿದ ದಾಖಲೆಯಿಲ್ಲ. ಅವರ ಕರುಣೆಯೆಲ್ಲ ಬಿಳಿಯ ಮೇಲೆಯೇ. ಮೂರನೆಯ ಆಕ್ಷೇಪ, ಈ ಸೀಮೆಯಲ್ಲಿ ಸಿಗಾರ್ ಇಡುವವರು ಯಾರಿದ್ದಾರೆ ಎಂಬುದು. ರಾಮದೇವರ ಬೆಟ್ಟದಲ್ಲಿ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯ ಗಬ್ಬರ್ ಸಿಂಗ್ ಕೂಡ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಂಡನೇ ಹೊರತು ಪೆಟ್ಟಿಗೆಯಲ್ಲಿಟ್ಟು ಮಾಗಿಸಲಿಲ್ಲ, ನಿಜ. ಆದರೆ ವಸ್ತುವಿನ ಮೇಲೆ ಮೋಹವಿಲ್ಲದವನೇ ಅದರ ಬೂಷ್ಟಿಗೆ ನಿಷ್ಪಕ್ಷಪಾತ ಸಾಕ್ಷಿ.

ಇನ್ನು ಸಂಗ್ರಹದ ವಿಧಾನ. ಚನ್ನಪಟ್ಟಣದ ಆಲೆಮರದಲ್ಲಿ ಪೆಟ್ಟಿಗೆ ಮಾಡಿಸಿ, ಬೊಂಬೆಗೆ ಹಚ್ಚುವಂತೆ ಒಳಗೂ ಹೊರಗೂ ಅರಗು ಹಚ್ಚಿಸಿದರೆ ನೋಡಲು ಚೆಂದ, ಆದರೆ ಶಾಸ್ತ್ರವಿರುದ್ಧ. ಒಳಗಿನ ಮರ ಬರಿದಾಗಿದ್ದು ತೇವವನ್ನು ಹೀರಿ ಮತ್ತೆ ಬಿಡುತ್ತಿರಬೇಕು. ಅರಗು ಆ ಉಸಿರನ್ನೇ ಕಟ್ಟುತ್ತದೆ. ಹಳೆಯ ಕಾಲದವರು ರಾಗಿ ತುಂಬಿಡುತ್ತಿದ್ದ ಹಗೇವು ನೆಲದೊಳಗಿನ ತಂಪು ಕೋಣೆ ಎಂಬ ಸಲಹೆಯೂ ನಿಲ್ಲದು. ಹಗೇವಿನ ಧರ್ಮವೇ ಒಣಗಿಸಿ ತುಂಬಿ ಗಾಳಿಯಾಡದಂತೆ ಮುಚ್ಚುವುದು. ಮೇಲಾಗಿ, ಇಳಿಯುವ ಮುಂಚೆ ದೀಪ ಇಳಿಸಿ ಉರಿಯುತ್ತದೆಯೇ ಎಂದು ನೋಡಬೇಕಾದ ಜಾಗದಲ್ಲಿ ಸಿಗಾರ್ ಹಚ್ಚುವ ಪ್ರಶ್ನೆಯೇ ಏಳದು. ಉಳಿದದ್ದು ಹುಳು ಸಾಕಣೆ ಮನೆ. ಉಷ್ಣಾಂಶ ಹೆಚ್ಚುಕಡಿಮೆ ಸರಿ, ತೇವಾಂಶ ಸರಿ, ಹಗಲಿರುಳು ಕಾಯುವವರಿದ್ದಾರೆ. ತೊಡಕು ಒಂದೇ: ನಿಕೋಟಿನ್ ರೇಷ್ಮೆಹುಳುವಿಗೆ ವಿಷ. ಹೊಗೆಸೊಪ್ಪಿನ ಹೊಲಕ್ಕೆ ಅಂಟಿಕೊಂಡ ತೋಟದ ಹಿಪ್ಪುನೇರಳೆ ಸೊಪ್ಪು ತಿಂದರೂ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಆದ್ದರಿಂದ ಸಿಗಾರಿಗೆ ಹೇಳಿಮಾಡಿಸಿದ ಹವೆಯಿರುವ ಮನೆಯ ಬಾಗಿಲಲ್ಲೇ ಸಿಗಾರನ್ನು ತಡೆಯಬೇಕಾಗುತ್ತದೆ. ಸಿಗಾರಿನ ಒಡೆಯರು ಬೇಕಾದರೆ ಅಲ್ಲಿಂದ ತೇವಮಾಪಕವನ್ನು ಕಡ ಕೇಳಬಹುದು, ಅದೂ ಕೈ ತೊಳೆದುಕೊಂಡು ಬಂದರೆ.