ನಾಲಿಗೆ: ಬಳಕೆದಾರರ ಕೈಪಿಡಿ (ಪ್ರವಾಸದ ಆವೃತ್ತಿ)

ಹುಟ್ಟಿದಂದಿನಿಂದ ನಮ್ಮ ಉತ್ಪನ್ನವನ್ನು ಬಳಸುತ್ತಿರುವ ನಿಮಗೆ ವಂದನೆಗಳು. ಊರಲ್ಲಿರುವಷ್ಟು ದಿನ ಇದಕ್ಕೆ ಕೈಪಿಡಿ ಬೇಕಾಗುವುದಿಲ್ಲ. ಊರ ಗಡಿ ದಾಟಿದ ಮೇಲೆಯೇ ಇದು ತಕರಾರು ತೆಗೆಯುವುದು. ಹಾಗಾಗಿ ಬ್ಯಾಗು ತುಂಬುವ ಮೊದಲು ಪೂರ್ತಿ ಓದಿಕೊಳ್ಳಿ. ಓದದೆ ಹೊರಟವರು ಹರಿದ್ವಾರದಲ್ಲಿ ಉಪ್ಪಿಟ್ಟು ಹುಡುಕಿಕೊಂಡು ಅಲೆದಿದ್ದಾರೆ, ಅಮೃತಸರದಲ್ಲಿ ಬಿಸಿಬಿಸಿ ಕುಲ್ಚಾ ಮುಂದಿಟ್ಟುಕೊಂಡು ಅನ್ನ ಇಲ್ಲವೇ ಎಂದು ಕೇಳಿದ್ದಾರೆ, ಕೋಲ್ಕತ್ತದಲ್ಲಿ ರಸಗುಲ್ಲ ಬಾಯಲ್ಲಿರುವಾಗಲೇ ಮೈಸೂರು ಪಾಕಿನ ಗುಣಗಾನ ಮಾಡಿದ್ದಾರೆ.

1. ಯಂತ್ರದ ಪರಿಚಯ

ನಾಲಿಗೆ ಒಂಟಿಯಾಗಿ ಕೆಲಸ ಮಾಡುವ ಯಂತ್ರವಲ್ಲ. ಅದಕ್ಕೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಜಪಾನಿನವರು ಉಮಾಮಿ ಎಂದು ಹೆಸರಿಟ್ಟ ಐದನೆಯದು, ಇಷ್ಟೇ. ಮಿಕ್ಕಿದ್ದೆಲ್ಲ ಮೂಗಿನ ಕೆಲಸ. ನಂಬಿಕೆ ಬಾರದಿದ್ದರೆ ಮೂಗು ಗಟ್ಟಿಯಾಗಿ ಹಿಡಿದುಕೊಂಡು ಒಂದು ತುತ್ತು ಹುಳಿಯನ್ನ ತಿಂದು ನೋಡಿ. ಉಪ್ಪು ಗೊತ್ತಾಗುತ್ತದೆ, ಹುಣಸೆ ಗೊತ್ತಾಗುತ್ತದೆ. ಇಂಗು, ಕರಿಬೇವು, ಕೊತ್ತಂಬರಿ ನಾಪತ್ತೆ. ಕೈ ತೆಗೆಯುತ್ತಲೇ ಗಂಟಲ ಹಿಂದಿನ ದಾರಿಯಿಂದ ಇಡೀ ಒಗ್ಗರಣೆ ಮೂಗಿಗೇರಿ ಹಾಜರಿ ಹಾಕುತ್ತದೆ.

ಈ ವಾಸನೆಯ ತಂತಿ ಮಿದುಳಿನಲ್ಲಿ ಹೋಗಿ ಸೇರುವುದು ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ. ಅದಕ್ಕೇ ಊರಿನ ಹುಳಿ ಒಂಟಿಯಾಗಿ ಬರುವುದಿಲ್ಲ. ಶಾಲೆಯಿಂದ ಓಡಿ ಬಂದ ಹಸಿವು, ‘ಕೈ ತೊಳೆದುಕೊಂಡು ಬಾ’ ಎಂಬ ಗದರಿಕೆ, ಅಣ್ಣನ ಜೊತೆಗಿನ ಹಪ್ಪಳದ ಜಗಳ ಎಲ್ಲವನ್ನೂ ಕಟ್ಟಿಕೊಂಡೇ ಬರುತ್ತದೆ. ಪರವೂರಿನ ಅಡುಗೆಯವನು ಎಷ್ಟೇ ಪಳಗಿದ ಕೈಯವನಾದರೂ ಆ ಗದರಿಕೆಯನ್ನು ಎಲ್ಲಿಂದ ತರಬೇಕು?

2. ಕಾರ್ಖಾನೆಯ ಸೆಟ್ಟಿಂಗ್

ಯಂತ್ರ ನಿಮ್ಮ ಕೈಗೆ ಬರುವಷ್ಟರಲ್ಲಿ ಅದರ ಸೆಟ್ಟಿಂಗ್ ಅರ್ಧ ಮುಗಿದಿರುತ್ತದೆ. ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ತಾಯಂದಿರು ಬಸುರಿನ ಕೊನೆಯ ತಿಂಗಳುಗಳಲ್ಲಿ, ಇನ್ನು ಕೆಲವರು ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದರು. ಮುಂದೆ ಅವರ ಮಕ್ಕಳಿಗೆ ಕ್ಯಾರೆಟ್ ಬೆರೆಸಿದ ಗಂಜಿ ಕೊಟ್ಟಾಗ ಅವು ಮುಖ ಸಿಂಡರಿಸಿದ್ದು ಕಡಿಮೆ. ಅಂದರೆ ತಾಯಿಯ ಕೈರುಚಿ ಎಂದು ನಾವು ಹೊಗಳುವುದು ಆಕೆಯ ಕೈಗಿಂತ ಮೊದಲೇ ಹೊಟ್ಟೆಯಲ್ಲಿ ಶುರುವಾಗಿರುತ್ತದೆ. ಪದೇ ಪದೇ ಕಂಡದ್ದು ಕಾಣುತ್ತ ಕಾಣುತ್ತಲೇ ಇಷ್ಟವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಂಟ್ಸ್ 1968ರಲ್ಲಿ ತೋರಿಸಿಕೊಟ್ಟರು. ದಿನಕ್ಕೆರಡು ಸಲ ಅದೇ ಸಾರು ಉಂಡು ಬೆಳೆದವರಿಗೆ ಬೇರೆ ಪುರಾವೆ ಬೇಕಿಲ್ಲ.

ನಮ್ಮಲ್ಲಿ ಈ ಸೆಟ್ಟಿಂಗ್ ಜಿಲ್ಲೆಗೊಂದು. ಕರಾವಳಿಯ ಯಂತ್ರ ತೆಂಗಿನೆಣ್ಣೆಗೆ ಹೊಂದಿಕೊಂಡಿರುತ್ತದೆ. ಅದೇ ಎಣ್ಣೆಯಲ್ಲಿ ಮಾಡಿದ ಪಲ್ಯವನ್ನು ವಿಜಯಪುರದವರ ಮುಂದಿಟ್ಟರೆ ‘ಇದು ತಲೆಗೆ ಹಚ್ಚೋದಲ್ಲೇನ್ರಿ’ ಎನ್ನುತ್ತಾರೆ. ಅವರದು ಶೇಂಗಾ ಎಣ್ಣೆ, ಕುಸುಬೆ ಎಣ್ಣೆಯ ಮಾದರಿ. ಮಂಡ್ಯದ ಮಾದರಿ ಮುದ್ದೆಯನ್ನು ಅಗಿಯದೆ ನುಂಗುತ್ತದೆ. ಮಂಗಳೂರಿನ ಮಾದರಿ ಅದನ್ನು ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಸಿಕೊಂಡು ಕೂರುತ್ತದೆ. ಯಾವುದೂ ಕೆಟ್ಟಿಲ್ಲ. ಮಾದರಿ ಬೇರೆ, ಅಷ್ಟೆ.

3. ಜೊತೆಗೆ ಒಯ್ಯಬೇಕಾದ ಬಿಡಿಭಾಗಗಳು

ಉತ್ತರ ಕರ್ನಾಟಕದವರಿಗೆ ಈ ವಿಭಾಗವನ್ನು ಹೇಳಿಕೊಡುವುದೇ ಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೇಲೆ ಒಂದು ಬಾಟಲಿ ಉಪ್ಪಿನಕಾಯಿ. ಕಡಕ್ ರೊಟ್ಟಿಯನ್ನು ಪ್ರವಾಸಕ್ಕೆಂದೇ ಯಾರೋ ಕಂಡುಹಿಡಿದಂತಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರು ಹೊಯ್ದು ನಾದಬೇಕು, ಲಟ್ಟಣಿಗೆ ಬಿಟ್ಟು ಅಂಗೈಯಿಂದ ಬಡಿಯಬೇಕು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೈಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ, ಆಮೇಲೆ ಒಲೆಯ ಬದಿಗೆ ಒರಗಿಸಿ ಒಣಗಿಸುತ್ತಾರೆ. ನೀರಿನಂಶ ಹೋದ ಮೇಲೆ ಅದು ವಾರಗಟ್ಟಲೆ ಕೆಡುವುದಿಲ್ಲ. ಮುರಿದರೆ ಹಪ್ಪಳದ ಸದ್ದು, ಮೊಸರಿಗೆ ಅದ್ದಿದರೆ ಮೆತ್ತಗೆ. ರೈಲಿನ ಮೇಲಿನ ಬರ್ತಿನಲ್ಲಿ ಕೂತು ತಿಂದರೆ ಕೆಳಗಿನ ಬರ್ತಿನವರ ತಲೆಯ ಮೇಲೆಲ್ಲ ಚೂರು. ಸಹಪ್ರಯಾಣಿಕರಿಗೂ ಒಂದು ಕೊಟ್ಟುಬಿಡಿ, ದೂರು ತಾನೇ ನಿಲ್ಲುತ್ತದೆ.

ಬಿಡಿಭಾಗಗಳು ಸಾಲದು, ಇಡೀ ಕಾರ್ಖಾನೆಯೇ ಜೊತೆಗಿರಲಿ ಎನ್ನುವವರಿಗೆ ಕಾಶಿ ಯಾತ್ರೆಯ ಟೂರಿಸ್ಟ್ ಬಸ್ಸುಗಳಿವೆ. ದೇವಸ್ಥಾನಗಳ ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ‘ನಮ್ಮದೇ ಅಡುಗೆಯವರು, ನಮ್ಮದೇ ಊಟ’ ಎಂದಿರುತ್ತದೆ. ಬೆಳಗಿನ ಜಾವಕ್ಕೆ ಧರ್ಮಶಾಲೆಯ ಹಿಂದೆ ಗ್ಯಾಸ್ ಒಲೆ ಹೊತ್ತಿಸಿ, ಹುರಿದ ರವೆ ಸುರಿದು ಉಪ್ಪಿಟ್ಟು ಕೆದಕುತ್ತಿರುತ್ತಾರೆ. ಹತ್ತು ಹೆಜ್ಜೆ ಆಚೆ ಬೀದಿಯಲ್ಲಿ ಕಚೋರಿ ಕರಿಯುವವನು, ಜಿಲೇಬಿ ಸುತ್ತುವವನು. ಯಾತ್ರಿಕರು ಉಪ್ಪಿಟ್ಟು ಮುಗಿಸಿ ಗಂಗೆಗೆ ಹೋಗುತ್ತಾರೆ. ಕಾಶಿಗೆ ಹೋದವರು ಇಷ್ಟದ ತಿಂಡಿಯೊಂದನ್ನು ಬಿಟ್ಟುಬರುವ ರೂಢಿಯೇನೋ ಇದೆ. ಹೊಸದೊಂದನ್ನು ತಿಂದುಬರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

4. ಬಳಸುವ ಕ್ರಮ

ಅ) ತಟ್ಟೆ ಬಂದ ಕೂಡಲೇ ಫೋಟೊ ತೆಗೆಯಿರಿ. ಊರಿಗೆ ಹೋದ ಮೇಲೆ ಬಯ್ಯಲು ಸಾಕ್ಷಿ ಬೇಕಾಗುತ್ತದೆ.

ಆ) ಮೊದಲ ತುತ್ತು ನಿಧಾನವಾಗಿ ಅಗಿಯಿರಿ. ಹುಬ್ಬು ಸ್ವಲ್ಪ ಗಂಟಿಕ್ಕಿ.

ಇ) ‘ಚೆನ್ನಾಗೇನೋ ಇದೆ, ಆದರೆ...’ ಎನ್ನಿ. ‘ಆದರೆ’ ಆದ ಮೇಲೆ ಒಂದು ನಿಟ್ಟುಸಿರು ಕಡ್ಡಾಯ.

ಈ) ನಿಮ್ಮೂರಿನ ಒಂದು ಹೋಟೆಲಿನ ಹೆಸರು ಹೇಳಿ. ಅದು ಮುಚ್ಚಿ ವರ್ಷಗಳಾಗಿದ್ದರೆ ಇನ್ನೂ ಒಳ್ಳೆಯದು. ಯಾರೂ ಹೋಗಿ ಪರೀಕ್ಷಿಸಲಾರರು.

ಉ) ‘ಎಲ್ಲಾ ನೀರಿನ ಗುಣ’ ಎಂದು ತೀರ್ಪು ಕೊಡಿ.

ಊ) ತಟ್ಟೆ ಖಾಲಿ ಮಾಡಿ, ಇನ್ನೊಂದು ಸಲ ಬಡಿಸಿಕೊಳ್ಳಿ.

5. ಎಚ್ಚರಿಕೆ: ಖಾರ

ಖಾರವನ್ನು ನಾಲಿಗೆ ರುಚಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಉರಿಯ ಲೆಕ್ಕಕ್ಕೆ ಹಿಡಿಯುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್, ಬಿಸಿ ತಾಗಿದ್ದನ್ನು ತಿಳಿಸುವ ನರತುದಿಗಳನ್ನೇ ಕೆಣಕುತ್ತದೆ. ಆ ನರತುದಿಗಳಲ್ಲಿರುವ ಗ್ರಾಹಕವನ್ನು (ರಿಸೆಪ್ಟರ್) ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಬ್ಯಾಡಗಿ ಮೆಣಸಿನಕಾಯಿಯ ಊರಿನವರು ಇಲ್ಲಿ ವಿಶೇಷ ಗಮನ ಕೊಡಬೇಕು. ಸುಕ್ಕುಗಟ್ಟಿದ ಮೈ, ಕಡುಗೆಂಪು ಬಣ್ಣ, ಖಾರ ಮಾತ್ರ ಮಿತ: 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿ ನಿಮ್ಮ ಯಂತ್ರಕ್ಕೆ ‘ಕೆಂಪು ಕಂಡರೆ ಹೆದರಬೇಡ’ ಎಂದು ಕಲಿಸಿಬಿಟ್ಟಿದೆ. ಅದೇ ಧೈರ್ಯದಲ್ಲಿ ಗುಂಟೂರಿನ ಕಡೆ ಕೆಂಪು ಚಟ್ನಿಯನ್ನು ಅನ್ನಕ್ಕೆ ಧಾರಾಳವಾಗಿ ಕಲಸಿಕೊಂಡರೆ ಮುಂದಿನ ಅನಾಹುತಕ್ಕೆ ಕಂಪನಿ ಹೊಣೆಯಲ್ಲ. ಆಗ ನೀರು ಕುಡಿಯಬೇಡಿ. ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ. ಮೊಸರು ತರಿಸಿ.

6. ತೊಂದರೆ, ಕಾರಣ, ಪರಿಹಾರ

ತೊಂದರೆ: ಸಾಂಬಾರು ಸಿಹಿಯಾಗಿದೆ.
ಕಾರಣ: ನೀವು ಉಡುಪಿಯಲ್ಲಿದ್ದೀರಿ. ಬೆಲ್ಲ ಬೇಕೆಂದೇ ಹಾಕಿದ್ದು.
ಪರಿಹಾರ: ಇನ್ನೂ ಎರಡು ದಿನ ಇರಿ. ಮೂರನೆಯ ದಿನ ಬೆಲ್ಲವಿಲ್ಲದ ಸಾಂಬಾರಿನಲ್ಲಿ ಏನೋ ಕಮ್ಮಿ ಅನಿಸುತ್ತದೆ.

ತೊಂದರೆ: ವಿಮಾನದಲ್ಲಿ ಕೊಟ್ಟ ಊಟಕ್ಕೆ ಉಪ್ಪೇ ಇಲ್ಲ.
ಕಾರಣ: ಉಪ್ಪು ಇದೆ. ಒಳಗಿನ ಗಾಳಿ ಒಣ, ಒತ್ತಡ ಕಡಿಮೆ, ಎಂಜಿನ್ನಿನ ಮೊರೆತ ಬೇರೆ. ಉಪ್ಪು ಮತ್ತು ಸಿಹಿಯನ್ನು ಗುರುತಿಸುವ ಶಕ್ತಿ ಅಲ್ಲಿ ಕುಗ್ಗುತ್ತದೆ.
ಪರಿಹಾರ: ಅಡುಗೆಯವರನ್ನು ಬಯ್ಯುವುದನ್ನು ನೆಲಕ್ಕಿಳಿಯುವವರೆಗೆ ಮುಂದೂಡಿ.

ತೊಂದರೆ: ಬೇಳೆ ಎಷ್ಟು ಕುದಿಸಿದರೂ ಬೇಯುತ್ತಿಲ್ಲ.
ಕಾರಣ: ‘ನೀರಿನ ಗುಣ’ ಎಂಬ ನಿಮ್ಮ ತೀರ್ಪು ಇಲ್ಲಿ ಸರಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿಕೊಂಡು ಅದನ್ನು ಮೆತ್ತಗಾಗಲು ಬಿಡುವುದಿಲ್ಲ.
ಪರಿಹಾರ: ಚಿಟಿಕೆ ಅಡುಗೆ ಸೋಡ, ಇಲ್ಲವೇ ಬೇರೆ ನೀರು.

ತೊಂದರೆ: ಚಳಿ ದೇಶಕ್ಕೆ ಹೋದ ಮೇಲೆ ದೋಸೆ ಹಿಟ್ಟು ಹುದುಗುತ್ತಿಲ್ಲ.
ಕಾರಣ: ಹಿಟ್ಟನ್ನು ಹುಳಿ ಬರಿಸುವ ಬ್ಯಾಕ್ಟೀರಿಯಾಗಳಿಗೆ ನಮ್ಮೂರ ಬೇಸಗೆಯ ರಾತ್ರಿ ಹಿತ.
ಪರಿಹಾರ: ಪಾತ್ರೆಯನ್ನು ಓವನ್ನಿನಲ್ಲಿಟ್ಟು ದೀಪ ಮಾತ್ರ ಹಾಕಿಡಿ. ಶಿಕಾಗೊ, ಟೊರಾಂಟೊದ ಕನ್ನಡದ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಉಪಾಯ.

ತೊಂದರೆ: ಊರಿಗೇ ಬಂದು ಉಂಡರೂ ಮೊದಲಿನ ರುಚಿಯಿಲ್ಲ.
ಕಾರಣ: ಹೋಟೆಲಿನವರು ಎಣ್ಣೆ ಬದಲಿಸಿರಬಹುದು. ಅದಕ್ಕಿಂತ ಹೆಚ್ಚಾಗಿ, ಊರು ಬಿಟ್ಟಿದ್ದಷ್ಟು ಕಾಲವೂ ಯಂತ್ರ ನಿಮ್ಮನ್ನು ಕೇಳದೆ ತನ್ನ ಸೆಟ್ಟಿಂಗ್ ಬದಲಿಸಿಕೊಳ್ಳುತ್ತಲೇ ಇತ್ತು.
ಪರಿಹಾರ: ಇಲ್ಲ.

7. ಅಧಿಕೃತ ಸೇವಾ ಕೇಂದ್ರಗಳು

ದೂರದ ಊರುಗಳಲ್ಲಿ ಯಂತ್ರ ಪೂರ್ತಿ ಮುಷ್ಕರ ಹೂಡಿದರೆ ಉಡುಪಿ ಹೋಟೆಲು ಹುಡುಕಿ. ಮುಂಬೈಯ ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಲೆಯ ಮೇಲೆ ಊಟ ಬಡಿಸುತ್ತಾರೆ. ಆದರೆ ಸೇವಾ ಕೇಂದ್ರವೂ ತಾನಿರುವ ಊರಿಗೆ ತಕ್ಕಂತೆ ಬದಲಾಗುತ್ತದೆ. ಮುಂಬೈಯ ಎಷ್ಟೋ ಉಡುಪಿ ಹೋಟೆಲುಗಳ ಮೆನುವಿನಲ್ಲಿ ಇಡ್ಲಿಯ ಕೆಳಗೇ ಪಾವ್ ಭಾಜಿ, ಅದರ ಕೆಳಗೆ ಫ್ರೈಡ್ ರೈಸ್. ಊರು ಬಿಟ್ಟು ಬಂದು ಬೇರೂರಿದವರ ಬದುಕೇ ಹಾಗೆ, ಮೂಗು ಮುರಿಯಬೇಡಿ.

8. ತಯಾರಿಕೆಯ ಮೂಲ

‘ನಮ್ಮೂರಿನ ಅಪ್ಪಟ ರುಚಿ’ ಎಂದು ಮೇಜು ಗುದ್ದುವ ಮೊದಲು ಲೇಬಲ್ ಓದಿ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂತು. ಬ್ಯಾಡಗಿಯ ವಂಶವೂ ಅದೇ. ಮಸಾಲೆ ದೋಸೆಯೊಳಗಿನ ಆಲೂಗಡ್ಡೆ, ಸಾರಿನ ಟೊಮೆಟೊ, ಚಟ್ನಿಯ ಶೇಂಗಾ ಎಲ್ಲವೂ ಅಲ್ಲಿಯವೇ. ಧಾರವಾಡದ ಪೇಡೆಯನ್ನು ಪ್ರಸಿದ್ಧಿಗೆ ತಂದ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದು ನೆಲೆಸಿದ್ದು. ದಾವಣಗೆರೆಯ ಬೆಣ್ಣೆದೋಸೆಯ ಮೂಲ ಕೇಳಿದರೆ, ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿಯ ಹೆಸರು ಹೇಳುತ್ತಾರೆ.

ಪೂರ್ತಿ ನಮ್ಮದೇ ಎನ್ನಬಹುದಾದ ಹಳೆಯ ಹೆಸರೂ ಉಂಟು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಲಿಯ ಪೂರ್ವಜ ಇಡ್ಡಲಿಗೆ ಕಾಣಿಸುತ್ತದೆ. ಇನ್ನು ನನ್ನ ಧಾನ್ಯ ಮೇಲೋ ನಿನ್ನದು ಮೇಲೋ ಎಂಬ ಜಗಳಕ್ಕೂ ಇಲ್ಲಿ ಹಿರಿಯರ ಮೇಲ್ಪಂಕ್ತಿಯಿದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೂ ರಾಗಿಯೂ ರಾಮನ ಎದುರೇ ಕಿತ್ತಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕಂದಿಹೋದ ಅಕ್ಕಿಯನ್ನೂ ಕಂದದ ರಾಗಿಯನ್ನೂ ನೋಡಿ ರಾಗಿಯ ಕಡೆಗೆ ತೀರ್ಪು ಕೊಡುತ್ತಾನೆ. ಆತುರದ ತೀರ್ಪಲ್ಲ ಎಂಬುದನ್ನು ಗಮನಿಸಿ. ನಾವು ಒಂದೇ ತುತ್ತಿಗೆ ಮುಗಿಸಿಬಿಡುತ್ತೇವೆ.

9. ಸರಿಯಾದ ಪರೀಕ್ಷಾ ವಿಧಾನ

ಊರಿನ ಊಟ ಗೆಲ್ಲುವುದಕ್ಕೆ ಮುಖ್ಯ ಕಾರಣ ಪರೀಕ್ಷೆಯೇ ವಾರೆಯಾಗಿರುವುದು. ನಿಮ್ಮೂರಿನಲ್ಲಿ ಯಾವ ಹೋಟೆಲಿನ ದೋಸೆಗೆ ಎಷ್ಟು ಗಂಟೆಯೊಳಗೆ ಹೋಗಬೇಕು, ಯಾವ ವಾರ ಭಟ್ಟರು ರಜೆ, ಯಾರ ಅಂಗಡಿಯ ಮಂಡಕ್ಕಿ ಸಂಜೆಗೆ ಮೆತ್ತಗಾಗಿರುತ್ತದೆ, ಇದೆಲ್ಲ ನಿಮಗೆ ಬಾಯಿಪಾಠ. ಕೆಟ್ಟ ಹೋಟೆಲುಗಳನ್ನು ನೀವು ಎಂದೋ ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ಪರವೂರಿನಲ್ಲಿ ಉಣ್ಣುವುದೋ, ಬಸ್ ನಿಲ್ದಾಣದ ಎದುರು, ಡ್ರೈವರು ನಿಲ್ಲಿಸಿದ ಢಾಬಾದಲ್ಲಿ, ಹೊತ್ತು ಮೀರಿದ ಮೇಲೆ. ನಮ್ಮೂರ ಆಯ್ದ ಅಡುಗೆಯನ್ನು ಅವರೂರ ಹೆದ್ದಾರಿಯ ಅಡುಗೆಯ ಜೊತೆ ತೂಗಿ, ತಕ್ಕಡಿಗೆ ಜೈ ಎನ್ನುತ್ತೇವೆ. ಅವರೂರಿನವರು ನಮ್ಮ ಬಸ್ ನಿಲ್ದಾಣದಲ್ಲಿ ಉಂಡು ಏನೆಂದಾರು, ಯೋಚಿಸಿ.

ಆದ್ದರಿಂದ ಕ್ರಮ ಹೀಗಿರಲಿ: ಬಾಡಿಗೆ ಆಟೋದವರನ್ನು ‘ನೀವು ಎಲ್ಲಿ ಉಣ್ಣುತ್ತೀರಿ’ ಎಂದು ಕೇಳಿ, ಅಲ್ಲಿಗೇ ಹೋಗಿ. ಅವರು ಉಣ್ಣುವ ಹೊತ್ತಿಗೇ ಉಣ್ಣಿ. ಇಡ್ಲಿ ಕೇಳಬೇಡಿ, ಅಲ್ಲಿಯವರು ತಿನ್ನುವುದನ್ನು ತರಿಸಿ. ಸಾಧ್ಯವಾದರೆ ಯಾರದಾದರೂ ಮನೆಯಲ್ಲಿ ಉಣ್ಣಿ.

10. ಖಾತರಿ ಮತ್ತು ಷರತ್ತು

ಊರಿನ ಊಟವೇ ಮೇಲು ಎನ್ನುವ ನಿಮ್ಮ ಹಕ್ಕಿಗೆ ಆಜೀವ ಖಾತರಿಯಿದೆ. ಅದು ನಿಜವೂ ಹೌದು, ನಿಮ್ಮ ನಾಲಿಗೆಯ ಮಟ್ಟಿಗೆ. ಷರತ್ತು ಒಂದೇ: ನಿಮಗೆ ಬಡಿಸುತ್ತಿರುವವರ ಪಾಲಿಗೆ ಆ ತಟ್ಟೆಯಲ್ಲಿರುವುದೇ ಊರಿನ ಊಟ. ಅದನ್ನು ಅವರ ಎದುರಿಗೇ ನಿಮ್ಮೂರಿನದರ ಜೊತೆ ಹೋಲಿಸಿದ ಕ್ಷಣದಿಂದ ಖಾತರಿ ರದ್ದು. ಎರಡನೇ ಸಲ ಬಡಿಸಲು ಬಂದಾಗ ಬೇಡ ಎನ್ನದೆ ಹಾಕಿಸಿಕೊಳ್ಳಿ. ತಕರಾರೇನಿದ್ದರೂ ಊರಿಗೆ ಹೋಗಿ ಹೇಳಿಕೊಳ್ಳಿ.